ಅಳೆಯುವ ಕೈಗಳ ಲೆಕ್ಕ

ಸಿಂಗಪುರದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರವು 2023ರಲ್ಲಿ ಪ್ರೋಟಾನ್ ಚಿಕಿತ್ಸೆಯನ್ನು ಆರಂಭಿಸಿತು. ಸುಮಾರು 60 ಲಕ್ಷ ಜನರಿರುವ ಆ ಪುಟ್ಟ ದೇಶದಲ್ಲಿ ಖಾಸಗಿ ವಲಯವೂ ಅದೇ ದಾರಿ ಹಿಡಿದಿದೆ. ಸಾಮಾನ್ಯ ವಿಕಿರಣ ಚಿಕಿತ್ಸೆಯ ಎಕ್ಸ್-ಕಿರಣ ದೇಹವನ್ನು ಹಾದು ಆಚೆಗೂ ಹೋಗುತ್ತದೆ. ಪ್ರೋಟಾನ್ ಮಾತ್ರ ನಿಗದಿತ ಆಳದಲ್ಲಿ ತನ್ನ ಶಕ್ತಿಯ ಬಹುಪಾಲನ್ನು ಸುರಿದು ಅಲ್ಲೇ ನಿಲ್ಲುತ್ತದೆ. ಗಡ್ಡೆಯ ಹಿಂದಿನ ಆರೋಗ್ಯವಂತ ಅಂಗ ಉಳಿಯುವುದು ಈ ಗುಣದಿಂದಲೇ ಆದರೂ, ಆಳದ ಲೆಕ್ಕ ಕೆಲವೇ ಮಿಲಿಮೀಟರ್ ತಪ್ಪಿದರೆ ಇದೇ ಗುಣ ಅಪಾಯವಾಗಿ ತಿರುಗುತ್ತದೆ. ಆ ಲೆಕ್ಕದ ಹೊಣೆ ಹೊತ್ತವರು ವೈದ್ಯಕೀಯ ಭೌತವಿಜ್ಞಾನಿಗಳು. ಅವರು ಎಷ್ಟು ಮಂದಿ ಇರಬೇಕೆಂಬುದು ಆಸ್ಪತ್ರೆಯ ಆಡಳಿತಕ್ಕೆ ಸೇರಿದ ವಿಷಯವಷ್ಟೇ ಅಲ್ಲ, ರೋಗಿಯ ಜೀವದ ಪ್ರಶ್ನೆ.

ಈ ಕೆಲಸ ಬಹುಮಟ್ಟಿಗೆ ರೋಗಿಯ ಕಣ್ಣಿಗೆ ಬೀಳುವುದಿಲ್ಲ. ದಿನದ ಮೊದಲ ರೋಗಿ ಒಳಬರುವ ಮುನ್ನವೇ ಕಿರಣದ ಪ್ರಮಾಣವನ್ನು ಅಳೆದು, ಅದು ನಿಗದಿತ ಮಟ್ಟಕ್ಕಿಂತ ಶೇ. 3ರಷ್ಟೂ ಆಚೀಚೆ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೊನೆಯ ರೋಗಿ ಹೊರಟ ಮೇಲೆ, ದೇಹದ ಬದಲಿಗೆ ನೀರಿನ ತೊಟ್ಟಿಯನ್ನಿಟ್ಟು, ವಿಕಿರಣವನ್ನು ಅಳೆಯುವ ಪುಟ್ಟ ಅಯಾನು ಕೋಶವನ್ನು ಅದರೊಳಗೆ ಇಳಿಸಿ, ಕಂಪ್ಯೂಟರ್ ಹೇಳಿದ ಅಂಕಿಯೂ ಯಂತ್ರ ಕೊಟ್ಟ ಅಂಕಿಯೂ ತಾಳೆಯಾಗುತ್ತವೆಯೇ ಎಂದು ನೋಡಬೇಕು. ವಿಕಿರಣ ಸುರಕ್ಷತಾ ವಿಭಾಗದವರು ಗೋಡೆಗಳ ದಪ್ಪ ಸಾಕೇ ಎಂಬುದನ್ನು ಪರೀಕ್ಷಿಸುವುದರ ಜೊತೆಗೆ, ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜ್‌ಗಳ ದಾಖಲೆಯನ್ನೂ ಕಾಯುತ್ತಾರೆ. ವಿಕಿರಣದೊಡನೆ ಕೆಲಸ ಮಾಡುವವರಿಗೆ ವರ್ಷಕ್ಕೆ ಸರಾಸರಿ 20, ಸಾರ್ವಜನಿಕರಿಗೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಎಂಬ ಅಂತರರಾಷ್ಟ್ರೀಯ ಮಿತಿ ಪಾಲನೆಯಾಗುವುದು ಇಂಥವರಿಂದ.

ಎಷ್ಟು ಜನ ಬೇಕು ಎಂಬುದಕ್ಕೆ ಹಿಂದೆ ಸರಳ ಸೂತ್ರಗಳಿದ್ದವು. ವರ್ಷಕ್ಕೆ 450ರಿಂದ 500 ರೋಗಿಗಳಿಗೆ ಒಬ್ಬ ಭೌತವಿಜ್ಞಾನಿ ಎಂಬುದು ಯುರೋಪಿನಲ್ಲಿ ಬಳಕೆಗೆ ಬಂದದ್ದು ಹೀಗೆ. ಆದರೆ ಸರಳ ಚಿಕಿತ್ಸೆಯ ರೋಗಿಗೂ ಪ್ರೋಟಾನ್ ಚಿಕಿತ್ಸೆಯ ರೋಗಿಗೂ ಹಿಡಿಯುವ ದುಡಿಮೆ ಒಂದೇ ಅಲ್ಲ. ಅದಕ್ಕಾಗಿಯೇ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ವಿಕಿರಣ ಚಿಕಿತ್ಸೆಗೆ 2015ರಲ್ಲಿ, ರೋಗನಿದಾನದ ಚಿತ್ರಣ ಮತ್ತು ವಿಕಿರಣಶೀಲ ಔಷಧಗಳ ಚಿಕಿತ್ಸೆಗೆ 2018ರಲ್ಲಿ, ಪ್ರತಿಯೊಂದು ಕೆಲಸಕ್ಕೆ ತಗಲುವ ವೇಳೆಯನ್ನು ಕೂಡಿಸಿ ಸಿಬ್ಬಂದಿಯನ್ನು ನಿರ್ಧರಿಸುವ ವಿಧಾನವನ್ನು ಮುಂದಿಟ್ಟಿತು.

ಎರಡನೆಯ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕೋಸ್ಟರಿಕಾದ ಸಾನ್ ಹೋಸೆ ನಗರ 1996ರಲ್ಲಿ ಕಂಡಿತು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆಯ ಕಿರಣ ಸೂಸುವ ಹೊಸ ಕೋಬಾಲ್ಟ್ ಮೂಲವನ್ನು ಅಳೆಯುವಾಗ 0.3 ನಿಮಿಷವನ್ನು 18 ಸೆಕೆಂಡ್ ಎಂದು ಓದುವ ಬದಲು 30 ಸೆಕೆಂಡ್ ಎಂದು ಓದಲಾಯಿತು; ಹೀಗಾಗಿ ಮೂಲದ ತೀವ್ರತೆ ಇದ್ದದ್ದಕ್ಕಿಂತ ಕಡಿಮೆ ಎಂದು ಲೆಕ್ಕವಾಯಿತು. ಬೇರೊಬ್ಬರು ಸ್ವತಂತ್ರವಾಗಿ ಅಳೆದು ನೋಡದ ಕಾರಣ ಆ ತಪ್ಪು ವಾರಗಟ್ಟಲೆ ಉಳಿದು, 115 ರೋಗಿಗಳು ಮಿತಿಮೀರಿದ ವಿಕಿರಣಕ್ಕೆ ಒಳಗಾದರು. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುವ ವ್ಯವಸ್ಥೆಗೆ ಮೊದಲು ಆ ಇನ್ನೊಬ್ಬರು ಇರಬೇಕು, ಅವರಿಗೆ ಬಿಡುವೂ ಇರಬೇಕು.

ಸಿಂಗಪುರದಲ್ಲಿ 2007ರ ವಿಕಿರಣ ಸಂರಕ್ಷಣಾ ಕಾಯ್ದೆಯಿದೆ, ಅದನ್ನು ಜಾರಿಗೊಳಿಸುವ ರಾಷ್ಟ್ರೀಯ ಪರಿಸರ ಸಂಸ್ಥೆಯಿದೆ. ಆದರೂ ನುರಿತ ಭೌತವಿಜ್ಞಾನಿಯನ್ನು ಯಂತ್ರದಂತೆ ತರಿಸಿಕೊಳ್ಳಲಾಗದು. ಸ್ನಾತಕೋತ್ತರ ಓದಿನ ಮೇಲೆ ಕನಿಷ್ಠ 2 ವರ್ಷ ಆಸ್ಪತ್ರೆಯಲ್ಲೇ ತರಬೇತಿ ಬೇಕು. ಆದ್ದರಿಂದ ಚಿಕ್ಕ ದೇಶವೊಂದರಲ್ಲಿ ಹೊಸ ಕೇಂದ್ರ ತೆರೆದಾಗ, ಮೊದಲೇ ತರಬೇತಿ ಕೊಟ್ಟಿರದಿದ್ದರೆ, ಒಂದು ಆಸ್ಪತ್ರೆ ತುಂಬಿಕೊಂಡ ಹುದ್ದೆ ಇನ್ನೊಂದರಲ್ಲಿ ಖಾಲಿಯಾಗುತ್ತದೆ. ಈ ಮಾತು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಹೊಸ ಕ್ಯಾನ್ಸರ್ ಘಟಕಗಳವರೆಗೆ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಪರವಾನಗಿಗೆ ಬೇಕಾದ ಕನಿಷ್ಠ ಸಂಖ್ಯೆಯೇ ಸುರಕ್ಷತೆಗೆ ಸಾಕಾಗುವ ಸಂಖ್ಯೆಯಲ್ಲ.

ಯಂತ್ರ ಖರೀದಿಯ ಕಡತದಲ್ಲೇ ಅದನ್ನು ಅಳೆಯುವವರ ಹುದ್ದೆಗಳೂ ಅವರ ತರಬೇತಿಯ ವೆಚ್ಚವೂ ಸೇರಿರಬೇಕು, ಪ್ರತಿ ಆಸ್ಪತ್ರೆಯೂ ಆ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಆ ಹುದ್ದೆಗಳಿಗೆ ಮಂಜೂರಾತಿ ಸಿಗದ ಯಂತ್ರದ ಖರೀದಿಗೆ ಯಾವ ಸರ್ಕಾರವೂ ಸಹಿ ಹಾಕಬಾರದು.