ಎಣ್ಣೆ ಕುಡಿದ ಹಡಗು, ಕೈ ತೊಳೆದ ಧಣಿ

ಮೊನ್ನೆ ಭಾನುವಾರ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆಂದು ಡೊಂಬಿವಲಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವನು ದೂರದ ಸಂಬಂಧದಲ್ಲಿ ಅಳಿಯ. ಹಡಗು ಕಂಪೆನಿಯ ಆಫೀಸಿನಲ್ಲಿ ಒಳ್ಳೆಯ ಕೆಲಸ, ಒಳ್ಳೆಯ ಹುಡುಗ. ಸಾರು ಬರುವಷ್ಟರಲ್ಲಿ ಮಾತು ಶುರುವಾಯ್ತು.

"ಮಾವ, ನಿಮ್ಮ ಎಣ್ಣೆ ಸಪ್ಲೈ ಮಾಡೋವ್ರದ್ದು ಗೂಂಡಾಗಿರಿ ಬಿಡಿ. ಒಂದು ಬಿಲ್ ಬಾಕಿ ಅಂತ ಇಡೀ ಹಡಗನ್ನೇ ಕೋರ್ಟಿಂದ ಅರೆಸ್ಟ್ ಮಾಡಿಸ್ತಾರೆ. ಸರಕು ಕೊಳೀತದೆ, ಸೈಲರುಗಳು ಉಪವಾಸ ಬೀಳ್ತಾರೆ. ಇದು ಯಾವ ನ್ಯಾಯ?"

ಪೂಜೆಯ ಮನೆ, ಬಾಳೆಲೆ ಮುಂದೆ. ಜಗಳ ಬೇಡ ಅಂತ ಸುಮ್ಮನಾದೆ. ಆದರೆ ಲೋಕಲ್ ಟ್ರೈನಿನಲ್ಲಿ ಮನೆಗೆ ಬರುವವರೆಗೂ ಆ 'ಗೂಂಡಾಗಿರಿ' ಅನ್ನೋ ಶಬ್ದ ಕಿವಿಯಲ್ಲಿ ಕೂತಿತ್ತು. ಅದಕ್ಕೇ ಇದು. ಅವನೂ ಓದುತ್ತಾನೆ, ಓದಲಿ.

ನಾನು ವಕೀಲನಲ್ಲ. ಕುಂದಾಪುರದ ಕಡೆಯಿಂದ ಈ ಊರಿಗೆ ಬಂದು, ಹಡಗುಗಳಿಗೆ ಎಣ್ಣೆ ಕೊಡುವ ಒಂದು ಸಣ್ಣ ಕಂಪೆನಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಿಲ್ ಬರೆದವನು, ಬಾಕಿ ವಸೂಲಿಗೆ ಅಲೆದವನು. ಹಾಗಾಗಿ ಕಾನೂನಿನ ಪುಸ್ತಕದಿಂದಲ್ಲ, ಲೆಡ್ಜರ್ ಪುಸ್ತಕದಿಂದ ಹೇಳುತ್ತೇನೆ.

ಮೊದಲು ಈ ವ್ಯಾಪಾರ ಹೇಗೆ ನಡೀತದೆ ಅಂತ ನೋಡಿ. ಹಡಗಿನ ಇಂಧನಕ್ಕೆ ನಮ್ಮಲ್ಲಿ ಬಂಕರ್ ಅಂತಾರೆ. ಹಡಗು ಹೊರಗೆ ಲಂಗರು ಹಾಕಿ ನಿಂತಿರುತ್ತದೆ. ನಮ್ಮ ಬಾರ್ಜ್ ಅದರ ಪಕ್ಕಕ್ಕೆ ಹೋಗಿ ಪೈಪ್ ಕೊಟ್ಟು ಗಂಟೆಗಟ್ಟಲೆ ಪಂಪ್ ಮಾಡುತ್ತದೆ. ದಿನಕ್ಕೆ 30 ಟನ್ ಎಣ್ಣೆ ಸುಡುವ ಹಡಗುಗಳು ಸಾಮಾನ್ಯ. ಅಂದ ಮೇಲೆ ಒಂದು ಸಲಕ್ಕೆ ನಾನೂರೋ ಐನೂರೋ ಟನ್. ಎಣ್ಣೆ ತುಂಬಿಸಿದ ಮೇಲೆ ಹಡಗಿನ ಚೀಫ್ ಇಂಜಿನಿಯರ್ ಡೆಲಿವರಿ ನೋಟಿಗೆ ಸಹಿ ಹಾಕುತ್ತಾನೆ. ಸ್ಯಾಂಪಲ್ ಬಾಟಲಿಗೆ ಸೀಲ್ ಬೀಳುತ್ತದೆ. ಆ ಡೆಲಿವರಿ ನೋಟನ್ನು ಹಡಗಿನಲ್ಲಿ 3 ವರ್ಷ ಇಟ್ಟುಕೊಳ್ಳಬೇಕು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ. ಅಂದರೆ ಎಣ್ಣೆ ಹೋದದ್ದಕ್ಕೆ ಸಾಕ್ಷಿ ಬೇಕಾದಷ್ಟು. ಬಾರದ್ದು ದುಡ್ಡು ಮಾತ್ರ!

ಯಾಕೆಂದರೆ ಇಡೀ ವ್ಯಾಪಾರ ಉದ್ರಿ. ನಮ್ಮವರ ಹೋಟೆಲುಗಳಲ್ಲಿ ಗಲ್ಲಾದ ಮೇಲೆ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡು ಇರ್ತಿತ್ತಲ್ಲ, ಇಲ್ಲಿ ಅದು ತಿರುಗುಮುರುಗು. 30 ದಿನದ ಉದ್ರಿ ಕೊಡದಿದ್ದರೆ ಆರ್ಡರ್ ಪಕ್ಕದವನಿಗೆ ಹೋಗುತ್ತದೆ. ಮೂವತ್ತನೇ ದಿನ ಆ ಹಡಗು ಎಲ್ಲಿರುತ್ತದೆ? ಸೂಯೆಜ್ ಕಾಲುವೆಯ ಆಚೆ. ನಾವು ಕೊಟ್ಟ ಎಣ್ಣೆಯನ್ನೇ ಸುಟ್ಟುಕೊಂಡು ಹೋಗಿರುತ್ತದೆ.

ಸರಿ, ಧಣಿಯ ಮೇಲೆ ದಾವೆ ಹಾಕಿ ಅನ್ನುತ್ತೀರಿ. ಯಾವ ಧಣಿ ಮಾರಾಯ್ರೇ? ಹಡಗಿನ ಬಾವುಟ ಪನಾಮಾದ್ದು ಅಥವಾ ಲೈಬೀರಿಯಾದ್ದು. ಒಂದು ಹಡಗಿಗೆ ಒಂದು ಕಂಪೆನಿ. ಆ ಕಂಪೆನಿಗೆ ಆ ಹಡಗು ಬಿಟ್ಟರೆ ಒಂದು ಕುರ್ಚಿಯೂ ಇಲ್ಲ. ವಿಳಾಸ ಅಂದರೆ ಯಾರದೋ ವಕೀಲರ ಆಫೀಸಿನ ಬಾಗಿಲಿನ ಒಂದು ಫಲಕ. ಅವನ ಮನೆ ಎಲ್ಲಿ, ತೋಟ ಎಲ್ಲಿ, ಜಪ್ತಿ ಮಾಡುವುದೇನನ್ನು? ಇರುವುದು ಹಡಗೊಂದೇ. ಆದ್ದರಿಂದಲೇ ಸಮುದ್ರದ ಕಾನೂನು ಹಡಗನ್ನೇ ಪ್ರತಿವಾದಿ ಮಾಡುತ್ತದೆ. ದಾವೆಯ ಕಾಗದದಲ್ಲಿ ಮನುಷ್ಯನ ಹೆಸರಿರುವ ಜಾಗದಲ್ಲಿ ಹಡಗಿನ ಹೆಸರು. ಇದು ಗೂಂಡಾಗಳು ಮಾಡಿದ ಕಾನೂನಲ್ಲ, ಬೇರೆ ದಾರಿ ಇಲ್ಲದೆ ಹುಟ್ಟಿದ್ದು.

ನಮ್ಮ ದೇಶದಲ್ಲಂತೂ ಬಹಳ ಕಾಲ ಈ ವಿಷಯಕ್ಕೆ 1840 ಮತ್ತು 1861ರ ಇಂಗ್ಲಿಷರ ಕಾಯ್ದೆಗಳೇ ಗತಿ. 'ಎಂ.ವಿ. ಎಲಿಸಬೆತ್' ಅನ್ನುವ ಹಡಗಿನ ಪ್ರಕರಣ ನೆನಪಿಸಿಕೊಳ್ಳಿ. 1984ರಲ್ಲಿ ಗೋವಾದ ಮರ್ಮಗೋವಾದಿಂದ ಹೊರಟ ಸರಕಿನ ಜಗಳ. ಹಡಗು ಸಿಕ್ಕಿಬಿದ್ದದ್ದು ವಿಶಾಖಪಟ್ಟಣದಲ್ಲಿ. ವಿದೇಶಿ ಧಣಿಗಳು "ಆಂಧ್ರದ ಹೈಕೋರ್ಟಿಗೆ ನಮ್ಮನ್ನು ಹಿಡಿಯುವ ಅಧಿಕಾರವೇ ಇಲ್ಲ" ಅಂದರು. 1992ರಲ್ಲಿ ಸುಪ್ರೀಂ ಕೋರ್ಟ್ "ಇದೆ" ಅಂದಿತು. ಆಮೇಲೂ ಸರಿಯಾದ ಸ್ವದೇಶಿ ಕಾಯ್ದೆ ಬರಲಿಕ್ಕೆ 2017 ಆಗಬೇಕಾಯಿತು. 2018ರ ಏಪ್ರಿಲ್ 1ರಿಂದ ಜಾರಿಯಾದ ಈ ಅಡ್ಮಿರಾಲ್ಟಿ ಕಾಯ್ದೆಯಲ್ಲಿ ಬಂಕರ್ ಇಂಧನದ ಹೆಸರನ್ನೇ ಹಿಡಿದು ಹೇಳಿದ್ದಾರೆ. ಅಧಿಕಾರ ಇರುವ 8 ಹೈಕೋರ್ಟುಗಳ ಪಟ್ಟಿಯಲ್ಲಿ ನಮ್ಮ ಕರ್ನಾಟಕದ್ದೂ ಇದೆ. ಅಂದರೆ ಪಣಂಬೂರಿಗೆ ಬಂದ ಹಡಗನ್ನು ಹಿಡಿಸಲು ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕು, ಅದು ಬೇರೆ ಮಾತು.

ಇನ್ನು ಅರೆಸ್ಟ್ ಅಂದಾಕ್ಷಣ ಬೇಡಿ ಹಾಕಿ ಎಳೆದೊಯ್ಯುವುದಲ್ಲ. ಕೋರ್ಟಿನ ವಾರಂಟನ್ನು ಹಡಗಿಗೆ ಅಂಟಿಸುತ್ತಾರೆ, ಬಂದರಿನವರಿಗೆ ತಿಳಿಸುತ್ತಾರೆ. ಧಣಿ ಆ ಮೊತ್ತಕ್ಕೆ ಠೇವಣಿಯೋ ಬ್ಯಾಂಕ್ ಗ್ಯಾರಂಟಿಯೋ ಕೊಟ್ಟರೆ ಹಡಗು ಬಿಡುಗಡೆ. ಜಗಳ ಆಮೇಲೆ ಕಾಗದದ ಮೇಲೆ ನಡೀತದೆ. ಸುಮ್ಮಸುಮ್ಮನೆ ಹಿಡಿಸಿದರೆ? ನಷ್ಟ ತುಂಬಿಕೊಡುತ್ತೇನೆ ಅಂತ ಹಿಡಿಸಿದವನಿಂದಲೇ ಕೋರ್ಟು ಮುಚ್ಚಳಿಕೆ ಬರೆಸಿಕೊಳ್ಳಬಹುದು, ಅದೂ ಕಾಯ್ದೆಯಲ್ಲಿದೆ. ಮುಚ್ಚಳಿಕೆ ಬರೆದುಕೊಟ್ಟು ಗೂಂಡಾಗಿರಿ ಮಾಡುವವನನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಿಜವಾದ ಗೂಂಡಾಗಿರಿ ಎಲ್ಲಿದೆ ಅಂತ ಈಗ ಹೇಳುತ್ತೇನೆ.

ಅನೇಕ ಹಡಗುಗಳನ್ನು ಧಣಿಯೇ ಓಡಿಸುವುದಿಲ್ಲ. ಚಾರ್ಟರರ್ ಅನ್ನುವವನು ಇಂತಿಷ್ಟು ಕಾಲಕ್ಕೆ ಅಂತ ಬಾಡಿಗೆಗೆ ತಗೊಳ್ಳುತ್ತಾನೆ. ಎಣ್ಣೆಯ ಖರ್ಚು ಅವನದ್ದು, ಆರ್ಡರ್ ಅವನದ್ದು. ಅವನು ಮುಳುಗಿದ ಅಂದುಕೊಳ್ಳಿ. ಧಣಿ ಬಂದು "ನಾನು ಎಣ್ಣೆ ಕೇಳಿಯೇ ಇಲ್ಲ" ಅಂತ ಕೈ ತೊಳೆಯುತ್ತಾನೆ. ಕಾನೂನೂ ಹೆಚ್ಚಾಗಿ ಅವನ ಪರವೇ. ಸಾಲ ಧಣಿಯದ್ದೇ ಆಗಿರಬೇಕು, ಇಲ್ಲವೇ ಇಡೀ ಹಡಗನ್ನೇ ವಶಕ್ಕೆ ತಗೊಂಡ ಚಾರ್ಟರರನದ್ದಾಗಿರಬೇಕು. ಇಲ್ಲದಿದ್ದರೆ ಅರೆಸ್ಟ್ ನಿಲ್ಲುವುದಿಲ್ಲ. 2018ರಲ್ಲಿ 'ಜಿಯೋವೇವ್ ಕಮಾಂಡರ್' ಪ್ರಕರಣದಲ್ಲಿ ಇದೇ ಆಯಿತು. ಸಮುದ್ರದಡಿ ಎಣ್ಣೆ ಹುಡುಕುವ ಸರ್ವೆ ಹಡಗು ಅದು. ಅದರ ಜೊತೆಗೆ ಕಾವಲು ಹೋಗಲು ಮೀನುಗಾರಿಕೆ ದೋಣಿಗಳನ್ನು ಒದಗಿಸಿದವರಿಗೆ ದುಡ್ಡು ಬರಲಿಲ್ಲ. ಬಾಡಿಗೆಗೆ ತಗೊಂಡ ಸಿಂಗಾಪುರದ ಕಂಪೆನಿ ಮುಳುಗಿತ್ತು. ಸುಪ್ರೀಂ ಕೋರ್ಟು ಆ ಸಾಲ ಹಡಗಿನ ಧಣಿಯದ್ದಲ್ಲ ಅಂದಿತು. ಕಾನೂನಿನ ಲೆಕ್ಕ ಸರಿ ಇರಬಹುದು. ದೋಣಿಯವರ ಲೆಕ್ಕ?

ಇದು ನಮಗೂ ಆಗಿದೆ. 2012ರ ಸುಮಾರಿಗೆ ಒಂದು ಹಡಗಿಗೆ ನಮ್ಮ ಬಾರ್ಜಿನವರು ರಾತ್ರಿಯಿಡೀ ನಿಂತು ಎಣ್ಣೆ ತುಂಬಿಸಿದರು. ಎಲ್ಲ ಮುಗಿದು ಪೈಪ್ ಬಿಚ್ಚಿದ ಮೇಲೆ ಡೆಲಿವರಿ ನೋಟಿನ ಮೇಲೆ ಒಂದು ರಬ್ಬರ್ ಸ್ಟಾಂಪ್ ಬಿತ್ತು: 'ಚಾರ್ಟರರ್ ಲೆಕ್ಕಕ್ಕೆ ಮಾತ್ರ, ಹಡಗಿನ ಮೇಲೆ ಹಕ್ಕಿಲ್ಲ'. ತುಂಬಿದ ಎಣ್ಣೆಯನ್ನು ವಾಪಸ್ ಎಳೆದುಕೊಳ್ಳಲಿಕ್ಕಾಗುತ್ತದಾ? ನಮ್ಮ ಹುಡುಗ ನೋಟು ತಂದು ಮೇಜಿನ ಮೇಲಿಟ್ಟ. ಎರಡು ತಿಂಗಳಲ್ಲಿ ಚಾರ್ಟರರನ ಆಫೀಸಿಗೆ ಬೀಗ. ಹಡಗು ಮತ್ತೆ ಬಂದಾಗ ಸಾಲ ಮಾಡಿ ವಕೀಲರನ್ನಿಟ್ಟು ಹಿಡಿಸಿದೆವು. ಆ ಸ್ಟಾಂಪ್ ತೋರಿಸಿ ಧಣಿಯ ಕಡೆಯವರು ಬಿಡಿಸಿಕೊಂಡು ಹೋದರು. ವರ್ಷದೊಳಗೆ ನಮ್ಮ ಯಜಮಾನರು ಎರಡೂ ಬಾರ್ಜ್ ಮಾರಿದರು. ಹನ್ನೊಂದು ಜನ ಮನೆಗೆ ಹೋದೆವು. ನನಗಾಗ 54. ಮಗಳ ಮದುವೆ ಮುಂದಿನ ಬೇಸಗೆಗೆ ಅಂತ ಗೊತ್ತಾಗಿತ್ತು. ಆ ಹಡಗು ಎಲ್ಲೋ ಸುಖವಾಗಿ ಓಡಾಡುತ್ತಿತ್ತು.

ನನ್ನ ಅಳಿಯ ಇದಕ್ಕೆ ಏನು ಹೇಳುತ್ತಾನೆ ಅಂತ ಗೊತ್ತು. "ಬಾಡಿಗೆ ಕಾರು ತಗೊಂಡವನು ಪೆಟ್ರೋಲ್ ಹಾಕಿಸಿ ಓಡಿಹೋದರೆ ಕಾರಿನವನು ಯಾಕೆ ಕೊಡಬೇಕು?" ಒಳ್ಳೆಯ ಪ್ರಶ್ನೆ. ಆದರೆ ಈ ಕಾರಿನ ಡ್ರೈವರ್ ಧಣಿಯ ಸಂಬಳದವನು ಮಾರಾಯ! ಕ್ಯಾಪ್ಟನ್ ಧಣಿಯವನು, ಎಣ್ಣೆಗೆ ಸಹಿ ಹಾಕಿದ ಇಂಜಿನಿಯರ್ ಧಣಿಯವನು. ಚಾರ್ಟರರನ ಹಿಂದುಮುಂದು ವಿಚಾರಿಸಿ ಆರಿಸಿಕೊಂಡದ್ದು ಧಣಿ. ಸಾಮಾನ್ಯವಾಗಿ ಬಾಡಿಗೆ ಅವನಿಗೆ ಮುಂಗಡ, ಬರದಿದ್ದರೆ ಹಡಗು ವಾಪಸ್. ಇಷ್ಟೆಲ್ಲ ಹಿಡಿತ ಇರುವವನು ಒಂದು ಕಡೆ, ರಾತ್ರಿ ಬಾರ್ಜ್ ಮೇಲೆ ನಿಂತ ನಾವು ಇನ್ನೊಂದು ಕಡೆ. ಚಾರ್ಟರರ್ ಮುಳುಗುವ ಅಪಾಯವನ್ನು ಯಾರು ಹೊರಬೇಕು?

ಧಣಿಗಳಿಗೂ ಕಷ್ಟ ಇಲ್ಲ ಅಂತಲ್ಲ. 2014ರ ನವೆಂಬರಿನಲ್ಲಿ ಡೆನ್ಮಾರ್ಕಿನ ಓ.ಡಬ್ಲ್ಯೂ. ಬಂಕರ್ ಅನ್ನುವ ದೈತ್ಯ ಕಂಪೆನಿ ದಿವಾಳಿಯೆದ್ದಾಗ ಧಣಿಗಳ ಬಾಗಿಲಿಗೆ ಎರಡೆರಡು ಬಿಲ್ ಬಂದವು. ಒಂದು ದಿವಾಳಿ ಕಂಪೆನಿಗೆ ಸಾಲ ಕೊಟ್ಟ ಬ್ಯಾಂಕಿನದ್ದು, ಇನ್ನೊಂದು ನಿಜವಾಗಿ ಎಣ್ಣೆ ಕೊಟ್ಟವರದ್ದು. ಕಪ್ಪು ಸಮುದ್ರದ ತುವಾಪ್ಸೆ ಬಂದರಿನಲ್ಲಿ 'ರೆಸ್ ಕಾಜಿಟಾನ್ಸ್' ಎಂಬ ಹಡಗಿಗೆ ಎಣ್ಣೆ ಬಿದ್ದದ್ದು ಕಂಪೆನಿ ಕುಸಿಯುವ ಎರಡು ದಿನ ಮುಂಚೆ. 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಎಣ್ಣೆ ಕೊಟ್ಟವರಿಗೆ ದುಡ್ಡು ಮುಟ್ಟದಿದ್ದರೂ ಧಣಿ ಆ ಮಧ್ಯದ ಕಂಪೆನಿಯ ಬಿಲ್ ಕೊಡಲೇಬೇಕು ಅಂದಿತು. ಧಣಿಗೆ ಎರಡು ಸಲ ಕೊಡುವ ಭಯ, ನಿಜ. ಆದರೆ ಸರಪಳಿಯ ಕೊನೆಯಲ್ಲಿ ಎಣ್ಣೆ ಸುರಿದವನಿಗೆ ಒಂದು ಸಲವೂ ಸಿಗದ ಭಯ. ಯಾವುದು ದೊಡ್ಡದು, ನೀವೇ ಹೇಳಿ.

ನಾನು ಕೇಳುವುದು ಇಷ್ಟೇ. ಹಡಗಿನ ಮೇಲೆ ಹಕ್ಕಿಲ್ಲ ಅನ್ನುವುದಾದರೆ ಪೈಪ್ ಜೋಡಿಸುವ ಮುಂಚೆ, ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಲಿಖಿತವಾಗಿ ಹೇಳಲಿ. ಆಮೇಲೂ ಉದ್ರಿ ಕೊಟ್ಟರೆ ಅದು ನಮ್ಮ ಹಣೆಬರಹ. ಹೇಳದಿದ್ದರೆ ಎಣ್ಣೆ ಕುಡಿದ ಹಡಗೇ ಹೊಣೆ. ಇದೇನು ಹುಚ್ಚು ಬೇಡಿಕೆಯಲ್ಲ. ಅಮೆರಿಕದಲ್ಲಿ ಚಾರ್ಟರರ್ ಆರ್ಡರ್ ಕೊಟ್ಟರೂ ಅವನಿಗೆ ಅಧಿಕಾರ ಇತ್ತು ಅಂತಲೇ ಕಾನೂನು ಮೊದಲಿಗೆ ನಂಬುತ್ತದೆ, ಎಣ್ಣೆ ಕೊಟ್ಟವನಿಗೆ ಹಡಗಿನ ಮೇಲೇ ಹಕ್ಕು ಹುಟ್ಟುತ್ತದೆ. ನಮ್ಮಲ್ಲಿ 2017ರಲ್ಲಿ 'ನಿಕೊಲಾವೋಸ್-ಎಸ್' ಹಡಗಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಂಥ ಹಕ್ಕು ಇಲ್ಲ, ಬರೀ ದಾವೆ ಹಾಕುವ ಅವಕಾಶ ಮಾತ್ರ ಅಂದಿದೆ. ಆದ್ದರಿಂದ ನಾವು ಹಿಡಿಸುವ ಮುಂಚೆಯೇ ಧಣಿ ಹಡಗನ್ನು ನಿಜವಾಗಿ ಮಾರಿಬಿಟ್ಟರೆ ಹೊಸ ಧಣಿಯ ಕೈಯಲ್ಲಿರುವ ಆ ಹಡಗನ್ನು ನಮ್ಮ ಬಾಕಿಗೆ ಹಿಡಿಸುವಂತಿಲ್ಲ. ಇದನ್ನು ಬದಲಾಯಿಸಬೇಕಾದ್ದು ಕೋರ್ಟಲ್ಲ, ಪಾರ್ಲಿಮೆಂಟು.

ಕೊನೆಗೆ, ಸೈಲರುಗಳ ಮಾತು. ಇದರಲ್ಲಿ ಅಳಿಯ ಹೇಳಿದ್ದು ಅರ್ಧ ಸರಿ. ಆ ಅರ್ಧಕ್ಕೆ ನಾನು ತಲೆ ತಗ್ಗಿಸುತ್ತೇನೆ.

2003ರಲ್ಲಿ ನಾವು ಹಿಡಿಸಿದ ಒಂದು ಹಡಗಿನ ಧಣಿ ಠೇವಣಿಯನ್ನೂ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಮೂರನೇ ವಾರ ಕಾಗದಪತ್ರದ ಕೆಲಸಕ್ಕೆ ಲಾಂಚಿನಲ್ಲಿ ನಾನೂ ಹೋಗಿದ್ದೆ. ಏಣಿ ಹತ್ತಿ ನಿಂತಾಗ ಫೋನಿನಲ್ಲಿ ಕನ್ನಡ ಮಾತಾಡಿದೆ. ಡೆಕ್ಕಿನ ಮೇಲಿದ್ದ ಹುಡುಗನೊಬ್ಬ ಓಡಿ ಬಂದ. ಅಂಕೋಲಾದವನಂತೆ. "ಅಣ್ಣಾ, ನಮ್ಮ ಕಡೆಯವ್ರಾ? ಹಡಗು ನಿಲ್ಸಿದ್ದು ಯಾರು ಗೊತ್ತುಂಟಾ? ಕುಡಿಯೋ ನೀರು ಮುಗೀತಾ ಬಂತು." ನಾನೇ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ಕೆಳಗಿಳಿದು ಯಜಮಾನರಿಗೆ ಹೇಳಿ ಎರಡು ದಿನದಲ್ಲಿ ನೀರು, ಅಕ್ಕಿ, ತರಕಾರಿ ಕಳಿಸಿದೆವು. ಮೂರು ವಾರ ಮುಂಚೆ ಅದು ಯಾಕೆ ಹೊಳೆಯಲಿಲ್ಲ? ಇವತ್ತಿಗೂ ಉತ್ತರ ಇಲ್ಲ.

ಹಡಗನ್ನು ಕೈಬಿಟ್ಟ ಪಾಪ ಧಣಿಯದ್ದೇ. ಸೈಲರುಗಳನ್ನು ಹಾಗೆ ಕೈಬಿಟ್ಟರೆ 4 ತಿಂಗಳವರೆಗಿನ ಸಂಬಳಕ್ಕೂ ಊರಿಗೆ ಕಳಿಸುವ ಖರ್ಚಿಗೂ ಮೊದಲೇ ವಿಮೆಯಂಥ ಭದ್ರತೆ ಇರಬೇಕು ಅಂತ 2017ರಿಂದ ಅಂತಾರಾಷ್ಟ್ರೀಯ ನಿಯಮವಿದೆ. ಹಡಗು ಹರಾಜಾದರೆ ಊಟದ ಪಂಕ್ತಿಯ ಹಾಗೆ ಸರದಿ: ಮೊದಲ ಪಂಕ್ತಿಯಲ್ಲಿ ಸೈಲರುಗಳ ಸಂಬಳ, ಎರಡನೆಯದರಲ್ಲಿ ಹಡಗು ಅಡವಿಟ್ಟುಕೊಂಡ ಬ್ಯಾಂಕು, ಮೂರನೆಯದರಲ್ಲಿ ನಮ್ಮಂಥವರು. ಸೈಲರುಗಳನ್ನು ಎಬ್ಬಿಸಿ ಆ ಎಲೆಗೆ ಕೂರುವ ಆಸೆ ನನಗಿಲ್ಲ. ಆದರೆ ಸಂಬಳ ಹರಾಜಾದ ಮೇಲಿನ ಮಾತು. ನೀರು ಇವತ್ತಿನ ಮಾತು. ಆದ್ದರಿಂದ ಹಡಗು ಹಿಡಿಸುವ ನಮ್ಮವರಿಗೂ ಹೇಳುತ್ತೇನೆ: ವಾರಂಟಿನ ಜೊತೆ ನೀರಿನ ಬಾರ್ಜೂ ಹೊರಡಲಿ. ಕೋರ್ಟಿನ ಒಪ್ಪಿಗೆ ಪಡೆದು ಮಾಡಿದ ಖರ್ಚನ್ನು ಹರಾಜಿನ ಹಣದಿಂದ ಮೊದಲು ವಾಪಸ್ ಕೇಳಬಹುದು. ಕೊಡಲಿಲ್ಲವೋ, ಹೋಗಲಿ. ಅಷ್ಟೂ ಮಾಡದವನಿಗೆ ನ್ಯಾಯದ ಮಾತಾಡುವ ಬಾಯಿ ಇರಬಾರದು.

ಅಳಿಯಾ, ಓದಿದ್ಯಾ? ಮುಂದಿನ ಪೂಜೆಯಲ್ಲಿ ಮತ್ತೆ ಪಕ್ಕದಲ್ಲೇ ಕೂರು. ನಿನ್ನ ಆಫೀಸಿನಲ್ಲಿ ಆ ರಬ್ಬರ್ ಸ್ಟಾಂಪ್ ಇದ್ದರೆ ಅದನ್ನು ಯಾವಾಗ ಒತ್ತುತ್ತೀರಿ ಅಂತ ವಿಚಾರಿಸಿಕೊಂಡು ಬಾ. ಎಣ್ಣೆ ಬೀಳುವ ಮುಂಚೆಯೋ, ಬಿದ್ದ ಮೇಲೋ? ಗೂಂಡಾ ಯಾರು ಅಂತ ಆಗ ಮಾತಾಡುವಾ.