ಹೂಂ ಅಂದ ಮಾತ್ರಕ್ಕೆ ಹಾದಿ ಸಿಕ್ಕಂತಲ್ಲ

ಧಾರವಾಡ ತಾಲ್ಲೂಕಿನ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ನೂಲುವ, ನೇಯುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. ಇಂಥ ಊರುಗಳ ಮಕ್ಕಳು ಓದಿಗೆಂದು ಧಾರವಾಡದ ಬಸ್ಸು ಹತ್ತುತ್ತಾರೆ. ಕೆಲವರು ಡಿಗ್ರಿಗೆ, ಕೆಲವರು ಸಪ್ತಾಪುರದ ಕೋಚಿಂಗ್ ಕ್ಲಾಸಿಗೆ. ಪಿಎಸ್‌ಐ ಆಗಬೇಕೆಂಬ ಆಸೆ ಮಗನದೋ ಅಪ್ಪನದೋ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕು.

ಹರೆಯದಲ್ಲಿ ‘ನಾನು ಯಾರು’ ಎಂದು ಕಂಡುಕೊಳ್ಳುವ ಬಗ್ಗೆ ಎರಿಕ್ ಎರಿಕ್‌ಸನ್‌ರ ವಿಚಾರವನ್ನು ಮುಂದುವರಿಸಿ ಮನೋವಿಜ್ಞಾನಿ ಜೇಮ್ಸ್ ಮಾರ್ಸಿಯಾ 1966ರಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿದರು. ಹರೆಯದವರು ಬೇರೆ ಬೇರೆ ಹಾದಿಗಳನ್ನು ಹುಡುಕಿ ನೋಡಿದ್ದಾರೆಯೇ? ಒಂದರಲ್ಲಿ ಗಟ್ಟಿಯಾಗಿ ನಿಂತಿದ್ದಾರೆಯೇ? ಹುಡುಕದೆಯೇ ನಿಂತವರೂ ಇರುತ್ತಾರೆ. ಹಿರಿಯರು ಕೊಟ್ಟದ್ದನ್ನೇ ತಮ್ಮದೆಂದುಕೊಂಡವರು. ಊರು ಅವರನ್ನು ‘ಶಾಣ್ಯಾ’ ಎನ್ನುತ್ತದೆ. ತಂದೆತಾಯಿಗೆ ತುಂಬ ಹತ್ತಿರವೆಂದು ಅವರೇ ಹೇಳಿಕೊಳ್ಳುವುದೂ ಉಂಟು. ಹಾಗಾಗಿ ಮನೆಯಲ್ಲಿ ಜಗಳವಿಲ್ಲ ಎಂಬುದನ್ನೇ ಒಳ್ಳೆಯ ನಂಟಿನ ಗುರುತೆಂದು ನಂಬಲಾಗದು.

ಅಮೆರಿಕದ ಮನೋವಿಜ್ಞಾನಿಗಳಾದ ಗ್ರೋಟೆವಾಂಟ್ ಮತ್ತು ಕೂಪರ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯ. ಎಲ್ಲರೂ ಕೂಡಿ ಒಂದು ಪ್ರವಾಸ ಯೋಜಿಸಿ ಎಂದು ಕುಟುಂಬಗಳಿಗೆ ಹೇಳಿ, ಅವರ ಮಾತನ್ನು ಗಮನಿಸಿದರು. ಎದುರು ಮಾತಾಡುವ ಧೈರ್ಯ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ತಾಳ್ಮೆ, ಇವೆರಡಕ್ಕೂ ಮಕ್ಕಳು ಹಾದಿ ಹುಡುಕುವುದಕ್ಕೂ ಸಂಬಂಧ ಕಂಡಿತು. ಈ ಸಂಬಂಧ ಮಗನ ವಿಷಯದಲ್ಲಿ ಒಂದು ರೀತಿ, ಮಗಳ ವಿಷಯದಲ್ಲಿ ಇನ್ನೊಂದು ರೀತಿ ಇತ್ತು ಎಂಬುದೂ ನಿಜ.

ನಮ್ಮಲ್ಲಿ ಹುಡುಕಾಟಕ್ಕೆ ದುಡ್ಡು ಬೇಕು, ವರ್ಷಗಳು ಬೇಕು. ಮಳೆ ನಂಬಿದ ಎರೆಹೊಲದ ರೈತ ಮಗನಿಗೆ ಸರ್ಕಾರಿ ನೌಕರಿಯೇ ಆಗಲಿ ಎನ್ನುವುದು ಹಟದಿಂದಲ್ಲ, ಅಂಜಿಕೆಯಿಂದ. ಮಗಳಿಗಂತೂ ಹುಡುಕುವ ಮೊದಲೇ ಗಂಡು ನೋಡುತ್ತಾರೆ. ತಂದೆತಾಯಿಯನ್ನು ದೂರಿ ಪ್ರಯೋಜನವಿಲ್ಲ. ಆದರೆ “ನಾ ಹೇಳಿದಷ್ಟು ಕೇಳು” ಎನ್ನುವ ಜಾಗದಲ್ಲಿ “ನಿನಗ ಯಾಕ ಬ್ಯಾಡನಸ್ತದ, ಹೇಳವಾ” ಎನ್ನಲು ದುಡ್ಡು ಬೇಕಿಲ್ಲ. ಹೀಗೆ ಕೇಳಿಸಿಕೊಂಡ ಮಗಳು ವಿಚಾರ ಮಾಡಿ ಅವ್ವನ ಮಗ್ಗಕ್ಕೇ ಬಂದರೂ ಅದು ಅವಳದೇ ಆಯ್ಕೆ.

ತಾನೇ ಆರಿಸಿದ ಹಾದಿಗೂ ಹಿರಿಯರು ಕೊಟ್ಟ ಹಾದಿಗೂ ಇರುವ ವ್ಯತ್ಯಾಸ ಎದ್ದು ಕಾಣುವುದು ಸೋತಾಗ. ಅಪ್ಪನ ಆಸೆಯನ್ನಷ್ಟೇ ಹೊತ್ತ ಹುಡುಗನ ಹೆಸರು ಆಯ್ಕೆಪಟ್ಟಿಯಲ್ಲಿ ಇಲ್ಲದಿದ್ದರೆ, ನೌಕರಿಯ ಜೊತೆಗೆ ಅಪ್ಪನೂ ಕೈತಪ್ಪಿದಂತೆ ಅವನಿಗೆ ಅನಿಸಬಹುದು. ಆ ವಾರ ಮನೆಯಿಂದ ಹೋಗುವ ಫೋನು ಮಾರ್ಕಿನ ಬಗ್ಗೆ ಇರಬಾರದು. ಊಟ ಆಯಿತೇ, ಯಾವಾಗ ಊರಿಗೆ ಬರುತ್ತೀ ಎಂದಿರಲಿ. ಅವನು ಮಾತೇ ನಿಲ್ಲಿಸಿದರೆ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, 14416ರ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.