ಮುಂಬೈ ಐ.ವಿ. ಪಟ್ಟಿಯಲ್ಲಿ ಬಂದರು ಎಲ್ಲಿ?

ಸೆಮ್ ಮುಗಿಯೋ ಹೊತ್ತಿಗೆ ಎಲ್ಲ ಬ್ರಾಂಚ್‌ಗಳ ವಾಟ್ಸಾಪ್ ಗ್ರೂಪಲ್ಲೂ ಒಂದೇ ಚರ್ಚೆ: ಈ ಸಲ ಐ.ವಿ. ಎಲ್ಲಿಗೆ? ಹೆಸರು ಇಂಡಸ್ಟ್ರಿಯಲ್ ವಿಸಿಟ್. ಇಂಡಸ್ಟ್ರಿ ಅರ್ಧ ದಿನ, ವಿಸಿಟ್ ಮೂರು ದಿನ ಅನ್ನೋದು ಎಲ್ಲರಿಗೂ ಗೊತ್ತಿರೋ ಗುಟ್ಟು. ಮುಂಬೈ ಅಂತ ಫಿಕ್ಸ್ ಆದರೆ ಪಟ್ಟಿಯೂ ರೆಡಿ: ಗೇಟ್‌ವೇ ಮುಂದೆ ಗ್ರೂಪ್ ಫೋಟೋ, ಸಿದ್ಧಿವಿನಾಯಕ, ಜುಹು, ಮರೀನ್ ಡ್ರೈವ್‌ನಲ್ಲಿ ಸೂರ್ಯಾಸ್ತ, ಯಾರೋ ಒಬ್ಬ ಸ್ಟಾರ್ ಮನೆಯ ಗೇಟು.

ಈ ಜಾಗಗಳು ಕೆಟ್ಟವು ಅಂತ ನಾನು ಹೇಳ್ತಿಲ್ಲ. ಆದರೆ ಈ ಪಟ್ಟಿಯನ್ನು ಹಿಡಿದು ಹೋದವರು ಮುಂಬೈನಲ್ಲಿ ಹೆಚ್ಚು ಹೊತ್ತು ಪಶ್ಚಿಮಕ್ಕೆ ಮುಖ ಮಾಡಿಯೇ ನಿಂತಿರುತ್ತಾರೆ. ಮುಂಬೈಯನ್ನು ಮುಂಬೈ ಮಾಡಿದ ಬಂದರು ಇರೋದು ಪೂರ್ವಕ್ಕೆ. ಎಂಜಿನಿಯರಿಂಗ್ ಓದೋ ನಾವು ಅದಕ್ಕೆ ಬೆನ್ನು ತೋರಿಸಿ ಬರೋದು ಸರಿಯಲ್ಲ ಅನ್ನೋದು ನನ್ನ ವಾದ.

ಮ್ಯಾಪ್ ತೆಗೆದು ನೋಡಿ. ಏಳು ದ್ವೀಪಗಳ ನಡುವಿನ ನೀರನ್ನು ತುಂಬುತ್ತಾ ಬಂದು ಆದ ಉದ್ದನೆಯ ನೆಲ ಇದು. ಪಶ್ಚಿಮದಲ್ಲಿ ತೆರೆದ ಅರಬ್ಬೀ ಸಮುದ್ರ. ಪೂರ್ವದಲ್ಲಿ, ಊರಿಗೂ ಮುಖ್ಯ ಭೂಮಿಗೂ ನಡುವೆ, ಶಾಂತವಾದ ನೀರು. ಮುಂಗಾರಿನ ಅಲೆಗಳು ನೈರುತ್ಯದಿಂದ ಬಂದು ಬಡಿಯುವಾಗ ಊರೇ ಅಡ್ಡ ನಿಂತು ಹಡಗುಗಳನ್ನು ಕಾಯುತ್ತದೆ. ಸಿವಿಲ್‌ನವರು ಕೋಟಿಗಟ್ಟಲೆ ಸುರಿದು ಕಟ್ಟುವ ಬ್ರೇಕ್‌ವಾಟರ್ ಅನ್ನು ಇಲ್ಲಿ ಪ್ರಕೃತಿಯೇ ಕೊಟ್ಟಿದೆ. ಮೊದಲು ಈ ಬಂದರು, ಆಮೇಲೆ ಗಿರಣಿ, ರೈಲು, ಬ್ಯಾಂಕು, ಸಿನಿಮಾ. ನಮ್ಮ ಕರಾವಳಿಯವರು ಹೊಟ್ಟೆಪಾಡಿಗೆ ಮಂಗಳೂರಿನಿಂದ ಹಡಗು ಹತ್ತಿ ಬಂದು ಇಳಿದದ್ದೂ ಈ ಊರಿನ ಧಕ್ಕೆಗಳಲ್ಲೇ. ಮುಂಬೈನ ಉಡುಪಿ ಹೋಟೆಲುಗಳ ಕಥೆಗೂ ಬಂದರಿಗೂ ಸಂಬಂಧ ಇದೆ.

ಗೇಟ್‌ವೇಯಿಂದಲೇ ಶುರು ಮಾಡೋಣ. 1911ರಲ್ಲಿ ಬಂದ ಐದನೇ ಜಾರ್ಜ್ ದೊರೆಯ ನೆನಪಿಗೆ ಅಂತ ಜಾರ್ಜ್ ವಿಟೆಟ್ ವಿನ್ಯಾಸ ಮಾಡಿದ ಕಮಾನು, 1924ರಲ್ಲಿ ಪೂರ್ತಿಯಾಯಿತು. ಇಪ್ಪತ್ತನಾಲ್ಕೇ ವರ್ಷಕ್ಕೆ, 1948ರ ಫೆಬ್ರವರಿ 28ರಂದು, ಬ್ರಿಟಿಷರ ಕೊನೆಯ ಸೇನಾ ತುಕಡಿ ಅದೇ ಕಮಾನಿನ ಕೆಳಗೆ ನಡೆದು ಹಡಗು ಹತ್ತಿತು. ನಾವು ಕಮಾನನ್ನು ಬ್ಯಾಕ್‌ಗ್ರೌಂಡ್ ಮಾಡಿಕೊಂಡು ಫೋಟೋ ತೆಗೆಸ್ಕೋತೀವಿ. ಒಂದು ಸಲ ತಿರುಗಿ, ಕಮಾನು ಯಾವ ಕಡೆ ನೋಡ್ತಿದೆಯೋ ಆ ಕಡೆ ನಾವೂ ನೋಡಬೇಕು.

ಅಲ್ಲಿಂದ ಎಲಿಫೆಂಟಾಗೆ ಬೋಟಿನಲ್ಲಿ ಸುಮಾರು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ನೌಕಾಪಡೆಯ ಹಡಗುಗಳು, ಎಣ್ಣೆ ಇಳಿಸುವ ಜವಾಹರ್ ದ್ವೀಪ, ದೂರದಲ್ಲಿ 1989ರಲ್ಲಿ ಶುರುವಾದ ನವಾ ಶೇವಾ ಕಂಟೇನರ್ ಬಂದರಿನ ಕ್ರೇನುಗಳು ಎಲ್ಲ ಕಾಣುತ್ತವೆ. ಇದಕ್ಕಿಂತ ದೊಡ್ಡ ಇಂಡಸ್ಟ್ರಿಯಲ್ ವಿಸಿಟ್ ಬೇಕಾ? ದ್ವೀಪದ ಗುಹೆಗಳು 1987ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಮೂರು ಮುಖದ ಶಿವನನ್ನು ನೋಡಿ ಎಲ್ಲರೂ ಕೈ ಮುಗಿಯುತ್ತಾರೆ. ಅದೇ ದ್ವೀಪದಲ್ಲಿ ಮೂರು ಹಳ್ಳಿಗಳೂ ಇವೆ. ಸಮುದ್ರದ ತಳದಲ್ಲಿ ಸುಮಾರು 7.5 ಕಿಲೋಮೀಟರ್ ಕೇಬಲ್ ಎಳೆದು ಆ ಹಳ್ಳಿಗಳಿಗೆ ಗ್ರಿಡ್‌ನ ಕರೆಂಟು ಕೊಟ್ಟದ್ದು 2018ರ ಫೆಬ್ರವರಿಯಲ್ಲಿ. ಅಲ್ಲಿವರೆಗೆ ಸಂಜೆ ಕೆಲವು ಗಂಟೆ ಜನರೇಟರ್, ಅಷ್ಟೇ. ವಿಶ್ವ ಪರಂಪರೆ ಅನ್ನೋ ಬೋರ್ಡು ಬಂದ ಮೂವತ್ತು ವರ್ಷದ ಮೇಲೆ ಲೈಟು ಬಂತು! ಇಲೆಕ್ಟ್ರಿಕಲ್‌ನವರಿಗೆ ಇದಕ್ಕಿಂತ ಒಳ್ಳೆ ಪಾಠ ಯಾವುದಿದೆ? ತಂತ್ರಜ್ಞಾನ ಇತ್ತು, ಊರು ಕಣ್ಣೆದುರೇ ಇತ್ತು. ನೋಡಲು ಬಂದವರ ಕಣ್ಣಿಗೆ ಗುಹೆ ಬಿದ್ದಷ್ಟು ಸುಲಭವಾಗಿ ಮನೆ ಬೀಳಲಿಲ್ಲ.

ಇದೇ ತೀರದ ವಿಕ್ಟೋರಿಯಾ ಡಾಕ್‌ನಲ್ಲಿ 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕೀನ್ ಅನ್ನೋ ಹಡಗು ಸ್ಫೋಟವಾಯಿತು. ಹತ್ತಿ ಮೂಟೆಗಳು ಮತ್ತು ಸುಮಾರು 1,400 ಟನ್ ಸ್ಫೋಟಕ ಒಂದೇ ಹಡಗಿನಲ್ಲಿ! ಹತ್ತಿಗೆ ಹತ್ತಿದ ಬೆಂಕಿ ಸ್ಫೋಟಕ ಮುಟ್ಟಿತು. ನೂರಾರು ಜನ ಸತ್ತರು, ಅವರಲ್ಲಿ 66 ಮಂದಿ ಬೆಂಕಿ ನಂದಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ. ಪ್ರತಿ ವರ್ಷ ಏಪ್ರಿಲ್ 14ರಂದು ನಾವು ಆಚರಿಸುವ ಅಗ್ನಿಶಾಮಕ ದಿನ ಅವರ ನೆನಪಿಗೆ. ಯಾವುದರ ಪಕ್ಕ ಯಾವುದನ್ನು ಇಡಬಾರದು ಅನ್ನೋ ಸೇಫ್ಟಿ ಪಾಠವನ್ನು ಎರಡು ಮಾರ್ಕಿಗೆ ಬರೆದು ಮರೆಯುವ ನಮಗೆ ಈ ಕಥೆ ಗೊತ್ತಿರಬೇಕು.

ಇನ್ನೂ ಉತ್ತರಕ್ಕೆ ಹೋದರೆ ಸೇವ್ರಿ. ಚಳಿಗಾಲ, ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿನ ಕೆಸರಿನಲ್ಲಿ ಸಾವಿರಾರು ಫ್ಲೆಮಿಂಗೋ. ಅವುಗಳ ಬದಿಯಿಂದಲೇ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಹೊರಡುತ್ತದೆ, ಸುಮಾರು 22 ಕಿಲೋಮೀಟರ್, ಅದರಲ್ಲಿ 16 ಕಿಲೋಮೀಟರಿಗೂ ಹೆಚ್ಚು ನೀರಿನ ಮೇಲೆ. ಸೇತುವೆ ಬೇಕು, ಹಕ್ಕಿಯೂ ಬೇಕು ಅಂದರೆ ಏನೇನು ಲೆಕ್ಕ ಹಾಕಬೇಕು ಅನ್ನೋದನ್ನು ಅಲ್ಲೇ ನಿಂತು ಮಾತಾಡಬಹುದು.

“ಮಗಾ, ಐ.ವಿ.ಯಲ್ಲೂ ಕ್ಲಾಸ್ ತಗೋತೀಯಾ?” ಅಂತ ಕೇಳೋರು ಇದ್ದೇ ಇರ್ತಾರೆ. ಮಜಾ ಬೇಡ ಅಂತ ಯಾರು ಅಂದರು? ಬೋಟು, ಗುಹೆ, ಕೋತಿ, ಫ್ಲೆಮಿಂಗೋ ಇದ್ದ ಮೇಲೆ ಮಜಾಕ್ಕೇನು ಕಮ್ಮಿ? “ಡಾಕ್ ಒಳಗೆ ಬಿಡಲ್ಲ” ಅನ್ನೋದು ಇನ್ನೊಂದು ಮಾತು. ನಿಜ, ಹಡಗುಕಟ್ಟೆಗಳಿಗೆ ಸುಮ್ಮನೆ ನುಗ್ಗೋಕಾಗಲ್ಲ. ಆದರೆ ನಾನು ಹೇಳಿದ್ದರಲ್ಲಿ ಹೆಚ್ಚಿನದು ಬೋಟಿನಿಂದ, ರಸ್ತೆಯಿಂದ ಕಾಣುವಂಥದ್ದೇ. 1875ರ ಸಾಸೂನ್ ಡಾಕ್‌ಗೆ ನಸುಕಿನಲ್ಲಿ ಮೀನಿನ ಹರಾಜು ನೋಡಲು ಹೋಗುವುದಾದರೆ ಒಂದು ಮಾತು. ಅಲ್ಲಿನ ಕೋಳಿ ಸಮುದಾಯದ ಹೆಂಗಸರು ದುಡಿಯಲು ಬಂದವರು, ನಮ್ಮ ರೀಲ್‌ಗೆ ಪೋಸ್ ಕೊಡೋಕೆ ಬಂದವರಲ್ಲ. ಕೇಳದೆ ಕ್ಯಾಮೆರಾ ಎತ್ತಬೇಡಿ, ದಾರಿಗೆ ಅಡ್ಡ ನಿಲ್ಲಬೇಡಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. 2024ರ ಡಿಸೆಂಬರ್ 18ರಂದು ಎಲಿಫೆಂಟಾಗೆ ಹೊರಟಿದ್ದ ಪ್ರವಾಸಿ ಬೋಟಿಗೆ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಗುದ್ದಿತು. ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಐ.ವಿ. ಬ್ಯಾಚ್ ಅಂದರೆ ಅರವತ್ತು ಎಪ್ಪತ್ತು ಜನ ಒಂದೇ ಬೋಟಿಗೆ ಹತ್ತುವವರು ನಾವು. ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ ಅಂತ ಹತ್ತುವ ಮುಂಚೆ ಎಣಿಸಬೇಕು. ಫೋಟೋ ಚೆನ್ನಾಗಿ ಬರಲ್ಲ ಅಂತ ಅದನ್ನು ಬಿಚ್ಚಿಡಬಾರದು. ಜಾಕೆಟ್ ಕಮ್ಮಿ ಇದ್ದರೆ ಆ ಬೋಟು ಬಿಟ್ಟು ಮುಂದಿನದಕ್ಕೆ ಕಾಯಬೇಕು.

ಹಾಗಾಗಿ ಕ್ಲಾಸ್ ರೆಪ್‌ಗಳಿಗೆ, ಕೋಆರ್ಡಿನೇಟರ್ ಸರ್, ಮೇಡಂ ಅವರಿಗೆ ನನ್ನ ಕೋರಿಕೆ ಇಷ್ಟೇ: ಈ ಸಲದ ಪಟ್ಟಿಯಲ್ಲಿ ಒಂದು ಪೂರ್ತಿ ದಿನ ಪೂರ್ವ ತೀರಕ್ಕೆ ಇಡಿ. ಬೆಳಿಗ್ಗೆ ಗೇಟ್‌ವೇ, ಎಲಿಫೆಂಟಾ, ಮಧ್ಯಾಹ್ನ ಸೇವ್ರಿ. ಸೋಮವಾರ ಗುಹೆಗಳು ಮುಚ್ಚಿರುತ್ತವೆ, ಸೇವ್ರಿಗೆ ಹೋಗುವ ಮುಂಚೆ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಸಂಜೆ ಮರೀನ್ ಡ್ರೈವ್‌ಗೆ ಖಂಡಿತ ಹೋಗೋಣ. ಅಷ್ಟೊತ್ತಿಗೆ ಆ ಊರು ಯಾಕೆ ಅಲ್ಲಿದೆ ಅಂತ ನಮಗೂ ಗೊತ್ತಿರುತ್ತೆ.